ಮನೆಯಲ್ಲಿ ಐಸ್‌ಕ್ರೀಮ್: ಉಪ್ಪು ಮಾಡುವ ಕೆಲಸವೇನು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮಾಗಿಯ ಕಾಲ ಬಂದಿತೆಂದರೆ ಕೊಬ್ಬರಿ ಎಣ್ಣೆಯ ಶೀಸೆಯನ್ನು ಎಳಬಿಸಿಲಿಗೆ ಇಡುವುದು ಮನೆಮನೆಯಲ್ಲಿಯೂ ಕಾಣುವ ನೋಟ. ಹಿಂದಿನ ಸಂಜೆ ನೀರಿನಂತೆ ಹರಿಯುತ್ತಿದ್ದ ಎಣ್ಣೆ ಬೆಳಗಾಗುವಷ್ಟರಲ್ಲಿ ಬೆಣ್ಣೆಯಂತೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಹೆಪ್ಪುಗಟ್ಟುವ ವಸ್ತುವಾದುದರಿಂದ ಅದನ್ನು ಗಟ್ಟಿಗೊಳಿಸಲು ನಮ್ಮ ಬಯಲುಸೀಮೆಯ ಒಂದು ತಂಪು ರಾತ್ರಿಯೇ ಸಾಕು. ಆದರೆ ಅದೇ ಕಾಯಿಯನ್ನು ತುರಿದು, ಹಿಂಡಿ, ಸಕ್ಕರೆ ಬೆರೆಸಿದ ಹಾಲನ್ನು ಹೆಪ್ಪುಗಟ್ಟಿಸಬೇಕಾದರೆ ಇಂತಹ ಚಳಿ ಏನೇನೂ ಸಾಲದು. ಅದಕ್ಕೆ ಶುದ್ಧವಾದ ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗಿಂತಲೂ ಕೆಳಗಿನ ಉಷ್ಣತೆ ಬೇಕು.

ಅಷ್ಟು ಕೆಳಗಿನ ಉಷ್ಣತೆಯನ್ನು ವಿದ್ಯುತ್ತಿನ ನೆರವಿಲ್ಲದೆ, ಪೇಟೆಯಿಂದ ತಂದ ಮಂಜುಗಡ್ಡೆ ಮತ್ತು ಅಡುಗೆಮನೆಯ ಕಲ್ಲುಪ್ಪು ಇವೆರಡರಿಂದಲೇ ಪಡೆಯಬಹುದು. ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರದ ಗುಟ್ಟು ಇದೇ. ಉಪ್ಪು ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಹಾಗಿದ್ದರೆ, ಮಂಜನ್ನು ಕರಗಿಸುವ ಉಪ್ಪೇ ಹಾಲನ್ನು ಹೆಪ್ಪುಗಟ್ಟಿಸುವುದು ಹೇಗೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗ "ಉಪ್ಪು ತಂಪನ್ನು ಕೊಡುತ್ತದೆ" ಎಂಬ ಉತ್ತರವನ್ನು ನಾವು ಅನೇಕ ಸಲ ಕೇಳಿದ್ದೇವೆ. ಈ ತಪ್ಪು ಭಾವನೆಯಿಂದ ಪರೀಕ್ಷೆಯಲ್ಲಿ ಅಂಕ ಹೋಗುವುದು ಮಾತ್ರವಲ್ಲ, ಐಸ್‌ಕ್ರೀಮೂ ಕೆಡುತ್ತದೆ. ಆದುದರಿಂದ ಯಂತ್ರದ ಕಾರ್ಯವನ್ನು ಮೊದಲಿನಿಂದ ಪರಿಶೀಲಿಸೋಣ.

ಯಂತ್ರದ ರಚನೆ

ಹಳೆಯ ಮಾದರಿಯ ಯಂತ್ರದಲ್ಲಿ ಮುಖ್ಯವಾದ ಭಾಗಗಳು ಮೂರೇ. ಹೊರಗೆ ಮರದ ಹಲಗೆಗಳಿಂದ ಕಟ್ಟಿದ ಒಂದು ಬಕೆಟ್ಟು. ಅದರ ನಡುವೆ ತೆಳುವಾದ ಲೋಹದ ಉದ್ದನೆಯ ಡಬ್ಬಿ. ಡಬ್ಬಿಯೊಳಗೆ ಅದರ ಗೋಡೆಯನ್ನು ಸವರುವಂತೆ ನಿಲ್ಲಿಸಿದ ಅಲಗು. ಮೇಲಿನ ಹಿಡಿಕೆಯನ್ನು ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಡಬ್ಬಿ ತಿರುಗುತ್ತದೆ. ಅಲಗು ನಿಂತಲ್ಲಿಯೇ ನಿಲ್ಲುತ್ತದೆ, ಇಲ್ಲವೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಡಬ್ಬಿಗೂ ಬಕೆಟ್ಟಿಗೂ ನಡುವಣ ಜಾಗದಲ್ಲಿ ಪುಡಿಮಾಡಿದ ಮಂಜುಗಡ್ಡೆಯನ್ನೂ ಉಪ್ಪನ್ನೂ ತುಂಬುತ್ತಾರೆ.

ಡಬ್ಬಿ ಲೋಹದ್ದಾಗಿರುವುದಕ್ಕೂ ಬಕೆಟ್ಟು ಮರದ್ದಾಗಿರುವುದಕ್ಕೂ ಕಾರಣವಿದೆ. ಹಾಲಿನಲ್ಲಿರುವ ಶಾಖ ಬೇಗನೆ ಹೊರಗೆ ಬರಬೇಕು. ಆದುದರಿಂದ ಒಳಗೋಡೆಯು ಉತ್ತಮ ಉಷ್ಣವಾಹಕವಾಗಿರಬೇಕು. ಹೊರಗಿನ ಗಾಳಿಯ ಶಾಖ ಒಳಗೆ ನುಗ್ಗಬಾರದು. ಆದುದರಿಂದ ಹೊರಗೋಡೆಯು ಅವಾಹಕವಾಗಿರಬೇಕು. ಮರದ ಬಕೆಟ್ಟು ದೊರೆಯದವರು ಚಿಂತಿಸಬೇಕಾದುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನ ಸುತ್ತಲೂ ಒಣಗಿದ ತೆಂಗಿನ ನಾರನ್ನು ದಪ್ಪನಾಗಿ ಒತ್ತಿ ಗೋಣಿಚೀಲದಿಂದ ಬಿಗಿದರೆ ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನಾರಿನ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗದೆ ನಿಂತ ಗಾಳಿಯೇ ಇಲ್ಲಿ ಶಾಖವನ್ನು ತಡೆಯುತ್ತದೆ. ನಾರು ಒದ್ದೆಯಾದರೆ ಈ ಗುಣ ತಗ್ಗುತ್ತದೆ.

ಈ ಬಗೆಯ ಕೈಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ೧೮೪೩ರಲ್ಲಿ ಪೇಟೆಂಟು ಪಡೆದರು. ಆ ಕಾಲದ ಭಾರತದಲ್ಲಿ ಮಂಜುಗಡ್ಡೆಯೇ ಅಪೂರ್ವ ವಸ್ತು. ೧೮೩೩ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೆರೆಯ ಮಂಜುಗಡ್ಡೆಯನ್ನು ಹೊತ್ತ ಹಡಗು ನಾಲ್ಕು ತಿಂಗಳು ಸಮುದ್ರದ ಮೇಲೆ ಸಾಗಿ ಕಲಕತ್ತೆಯನ್ನು ಮುಟ್ಟಿತು. ಮದರಾಸಿನ ಕಡಲತೀರದಲ್ಲಿ ಅಂತಹ ಮಂಜನ್ನು ಕೂಡಿಡಲು ಕಟ್ಟಿದ ಕಟ್ಟಡವು ಇಂದಿಗೂ ವಿವೇಕಾನಂದ ಭವನವೆಂಬ ಹೆಸರಿನಿಂದ ನಿಂತಿದೆ. ಈಗ ಸಣ್ಣ ಪೇಟೆಗಳಲ್ಲಿಯೂ ಮಂಜುಗಡ್ಡೆ ದೊರೆಯುತ್ತದೆ. ದೊಡ್ಡ ಗಡ್ಡೆಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ನೀರು ತುಂಬಿದ ತಗಡಿನ ಅಚ್ಚುಗಳನ್ನು ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಉಪ್ಪುನೀರು ಸೊನ್ನೆ ಡಿಗ್ರಿಯ ಕೆಳಗೂ ದ್ರವವಾಗಿಯೇ ಉಳಿಯುವುದೆಂಬ ಗುಣವೇ ಅಲ್ಲಿಯೂ ನೆರವಿಗೆ ಬರುತ್ತದೆ.

ಉಪ್ಪಿನ ಕೆಲಸ

ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆಯು ಸೊನ್ನೆ ಡಿಗ್ರಿಯ ನೀರಾಗಬೇಕಾದರೆ ಸುಮಾರು ೮೦ ಕ್ಯಾಲೊರಿ ಶಾಖವನ್ನು ಹೀರಿಕೊಳ್ಳಬೇಕು. ಉಷ್ಣಮಾಪಕದಲ್ಲಿ ಕಾಣಿಸಿಕೊಳ್ಳದ ಈ ಶಾಖವನ್ನೇ ನಾವು ಗುಪ್ತೋಷ್ಣವೆಂದು ಕರೆಯುತ್ತೇವೆ. ಅಷ್ಟೇ ಶಾಖದಿಂದ ಒಂದು ಗ್ರಾಂ ನೀರನ್ನು ಸೊನ್ನೆಯಿಂದ ೮೦ ಡಿಗ್ರಿಯವರೆಗೆ ಕಾಯಿಸಬಹುದೆಂಬುದನ್ನು ನೆನೆದರೆ ಅದು ಎಷ್ಟು ದೊಡ್ಡ ಮೊತ್ತವೆಂಬುದು ಮನವರಿಕೆಯಾಗುತ್ತದೆ. ಹಾಲನ್ನು ತಣಿಸುವುದು ಮಂಜುಗಡ್ಡೆ ಇರುವುದರಿಂದಲ್ಲ, ಅದು ಕರಗುವುದರಿಂದ.

ಆದರೆ ಮಂಜುಗಡ್ಡೆ ಒಂದೇ ಇದ್ದರೆ ಅದು ಕರಗುವುದು ಸೊನ್ನೆ ಡಿಗ್ರಿಯಲ್ಲಿ. ಅದರ ಸುತ್ತಲಿನ ವಸ್ತುಗಳನ್ನು ಸೊನ್ನೆಗಿಂತ ಕೆಳಗೆ ಇಳಿಸುವ ಶಕ್ತಿ ಅದಕ್ಕಿಲ್ಲ. ಇಲ್ಲಿ ಉಪ್ಪಿನ ಪ್ರವೇಶವಾಗುತ್ತದೆ. ಕರಗುತ್ತಿರುವ ಮಂಜಿನ ಮೈಮೇಲೆ ನೀರಿನ ತೆಳುವಾದ ಪದರವಿರುತ್ತದೆ. ಮಂಜಿನಿಂದ ನೀರಿನ ಅಣುಗಳು ಈ ಪದರಕ್ಕೆ ಬಿಡಿಸಿಕೊಂಡು ಬರುತ್ತಿರುತ್ತವೆ; ಪದರದಿಂದ ಬೇರೆ ಅಣುಗಳು ಹಿಂದಿರುಗಿ ಮಂಜನ್ನು ಸೇರುತ್ತಿರುತ್ತವೆ. ಸೊನ್ನೆ ಡಿಗ್ರಿಯಲ್ಲಿ ಈ ಹೋಗುವಿಕೆ ಬರುವಿಕೆಗಳು ಸಮವಾಗಿರುತ್ತವೆ. ಪದರದಲ್ಲಿ ಉಪ್ಪು ಕರಗಿತೆಂದರೆ ಅದರ ಕಣಗಳು ನೀರಿನ ಅಣುಗಳ ನಡುವೆ ಹರಡಿಕೊಳ್ಳುವುದರಿಂದ ಮಂಜಿಗೆ ಹಿಂದಿರುಗುವ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಬಿಡಿಸಿಕೊಂಡು ಹೋಗುವವು ಮಾತ್ರ ಹೋಗುತ್ತಲೇ ಇರುತ್ತವೆ. ಪರಿಣಾಮವಾಗಿ ಸೊನ್ನೆಯ ಕೆಳಗೂ ಮಂಜು ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ಸುತ್ತಲಿನಿಂದ, ಅಂದರೆ ಉಳಿದ ಮಂಜು, ಉಪ್ಪುನೀರು ಮತ್ತು ಡಬ್ಬಿಯಲ್ಲಿರುವ ಹಾಲಿನಿಂದ ಕಿತ್ತುಕೊಳ್ಳುತ್ತದೆ. ಹೀಗೆ ಮಿಶ್ರಣದ ಉಷ್ಣತೆಯು ಇಳಿಯತೊಡಗಿ, ಹೋಗುವಿಕೆ ಬರುವಿಕೆಗಳು ಮತ್ತೆ ಸಮವಾಗುವ ಹಂತದಲ್ಲಿ ನಿಲ್ಲುತ್ತದೆ.

ಈ ಹಂತವು ಉಪ್ಪುನೀರಿನ ಗಾಢತೆಯನ್ನು ಅವಲಂಬಿಸಿದೆ. ನೂರು ಗ್ರಾಂ ದ್ರಾವಣದಲ್ಲಿ ೧೦ ಗ್ರಾಂ ಉಪ್ಪಿದ್ದರೆ ಅದು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು ೬.೬ ಡಿಗ್ರಿ ಕೆಳಗೆ. ೨೦ ಗ್ರಾಂ ಇದ್ದರೆ ೧೬.೫ ಡಿಗ್ರಿ ಕೆಳಗೆ; ೨೩.೩ ಗ್ರಾಂ ಇದ್ದಾಗ ೨೧.೧ ಡಿಗ್ರಿ ಕೆಳಗೆ. ಸಾಮಾನ್ಯ ಉಪ್ಪಿನಿಂದ ತಲುಪಬಹುದಾದ ಕೊನೆಯ ಮೆಟ್ಟಿಲು ಇದು. ಇದಕ್ಕಿಂತ ಹೆಚ್ಚು ಉಪ್ಪು ಸುರಿದರೂ ಉಷ್ಣತೆ ಇನ್ನಷ್ಟು ಇಳಿಯದು. ೧೭೨೪ರಲ್ಲಿ ತನ್ನ ಉಷ್ಣಮಾನವನ್ನು ಪ್ರಕಟಿಸಿದ ಫ್ಯಾರನ್‌ಹೀಟನು ಅದರ ಸೊನ್ನೆಯನ್ನು ಗುರುತಿಸಿದುದು ಇಂತಹುದೇ ಒಂದು ಶೈತ್ಯಮಿಶ್ರಣದಿಂದ. ಅವನು ಬಳಸಿದುದು ನವಸಾಗರವನ್ನು.

ಉಪ್ಪಿಗೆ ಬದಲು ಸಕ್ಕರೆಯನ್ನು ಹಾಕಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ತತ್ತ್ವದ ದೃಷ್ಟಿಯಿಂದ ಅಡ್ಡಿಯಿಲ್ಲ. ಇಲ್ಲಿ ಎಣಿಕೆಗೆ ಬರುವುದು ಕರಗಿದ ಕಣಗಳ ಸಂಖ್ಯೆಯೇ ಹೊರತು ಅವುಗಳ ಜಾತಿಯಲ್ಲ. ಆದರೆ ೫೮.೫ ಗ್ರಾಂ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಒಡೆದು ಕೊಡುವಷ್ಟು ಕಣಗಳನ್ನು ಪಡೆಯಲು ೬೮೪ ಗ್ರಾಂ ಸಕ್ಕರೆ ಬೇಕು. ಅಂದರೆ ತೂಕದಲ್ಲಿ ಸುಮಾರು ಹನ್ನೆರಡರಷ್ಟು!

ಒಂದು ಸುಲಭ ಪ್ರಯೋಗ

ಎರಡು ಒಣ ಸ್ಟೀಲ್ ಲೋಟಗಳಲ್ಲಿ ಪುಡಿಮಾಡಿದ ಮಂಜುಗಡ್ಡೆಯನ್ನು ಸಮನಾಗಿ ತುಂಬಿ, ಒಂದಕ್ಕೆ ಮಾತ್ರ ಮಂಜಿನ ಮೂರನೆಯ ಒಂದು ಪಾಲಿನಷ್ಟು ಉಪ್ಪನ್ನು ಬೆರೆಸಿ ಕಲಕಿರಿ. ಕೆಲವು ನಿಮಿಷಗಳಲ್ಲಿ ಉಪ್ಪಿಲ್ಲದ ಲೋಟದ ಹೊರಮೈ ಮೇಲೆ ನೀರಿನ ಹನಿಗಳು ಕೂಡುತ್ತವೆ. ಉಪ್ಪು ಹಾಕಿದ ಲೋಟದ ಹೊರಮೈ ಮೇಲೆ ಬಿಳಿಯ ಹಿಮ ಕಟ್ಟುತ್ತದೆ. ಗಾಳಿಯಲ್ಲಿದ್ದ ನೀರಾವಿ ಒಂದು ಕಡೆ ಇಬ್ಬನಿಯಾಯಿತು, ಇನ್ನೊಂದು ಕಡೆ ಮಂಜಾಯಿತು. ಉಷ್ಣಮಾಪಕವಿಲ್ಲದೆಯೇ, ಎರಡನೆಯ ಲೋಟ ಸೊನ್ನೆಯ ಕೆಳಗೆ ಇಳಿದಿದೆಯೆಂಬುದಕ್ಕೆ ಇದು ಸಾಕ್ಷಿ. ಉಷ್ಣತೆಯನ್ನು ಅಳೆಯಬಯಸುವವರು ಒಂದು ವಿಷಯವನ್ನು ಗಮನಿಸಬೇಕು: ಕಾಲೇಜಿನ ಪ್ರಯೋಗಶಾಲೆಯ ಸಾಮಾನ್ಯ ಉಷ್ಣಮಾಪಕಗಳಲ್ಲಿ ಗುರುತುಗಳು ಸೊನ್ನೆಗಿಂತ ೧೦ ಡಿಗ್ರಿ ಕೆಳಗೆ ಮುಗಿದುಹೋಗುತ್ತವೆ. ಈ ಮಿಶ್ರಣಕ್ಕೆ ಅದಕ್ಕಿಂತಲೂ ಕೆಳಗಿನ ಗುರುತುಗಳುಳ್ಳ ಮಾಪಕ ಬೇಕು. ಬರಿಯ ಬೆರಳುಗಳನ್ನು ಈ ಮಿಶ್ರಣದಲ್ಲಿ ಅದ್ದಕೂಡದು; ಚರ್ಮಕ್ಕೆ ಸುಟ್ಟಂತಹ ಗಾಯವಾದೀತು.

ತಿರುಗಿಸುವುದೇಕೆ?

ಸಿಹಿಹಾಲನ್ನು ತಟ್ಟೆಯಲ್ಲಿ ಹೊಯ್ದು ಫ್ರಿಜ್ಜಿನ ಮೇಲಂತಸ್ತಿನಲ್ಲಿಟ್ಟರೂ ಹೆಪ್ಪುಗಟ್ಟುತ್ತದೆ. ಆದರೆ ನಾಲಿಗೆಗೆ ಸಿಗುವುದು ಐಸ್‌ಕ್ರೀಮಿನ ನುಣುಪಲ್ಲ, ಹರಳು ಹರಳಾದ ಮಂಜು. ನಿಧಾನವಾಗಿ, ಅಲುಗಾಡದೆ ಹೆಪ್ಪುಗಟ್ಟುವ ದ್ರವದಲ್ಲಿ ಮೊದಲು ಹುಟ್ಟಿದ ಕೆಲವೇ ಹರಳುಗಳು ಸುತ್ತಲಿನ ನೀರನ್ನೆಲ್ಲ ತಾವೇ ಸೇರಿಸಿಕೊಂಡು ದೊಡ್ಡದಾಗುತ್ತವೆ. ಯಂತ್ರದಲ್ಲಿ ಹೀಗಾಗುವುದಿಲ್ಲ. ಹಾಲು ಮೊದಲು ಹೆಪ್ಪುಗಟ್ಟುವುದು ತಣ್ಣನೆಯ ಡಬ್ಬಿಯ ಗೋಡೆಯ ಮೇಲೆ. ಅಲ್ಲಿ ಮೂಡಿದ ತೆಳುವಾದ ಪೊರೆಯನ್ನು ಅಲಗು ಕೂಡಲೇ ಕೆರೆದು ನಡುವಿಗೆ ತಳ್ಳುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಹುಟ್ಟುತ್ತವೆ. ಹರಳಿನ ಗಾತ್ರವು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ನಾಲಿಗೆ ಅದನ್ನು ಬೇರೆಯಾಗಿ ಗುರುತಿಸಲಾರದು. ಅದನ್ನೇ ನಾವು ನುಣುಪು ಎನ್ನುತ್ತೇವೆ. ಅಲಗಿನ ಇನ್ನೊಂದು ಕೆಲಸವೆಂದರೆ ಗಾಳಿಯನ್ನು ಬೆರೆಸುವುದು. ಸಣ್ಣ ಸಣ್ಣ ಗುಳ್ಳೆಗಳಾಗಿ ಸೇರಿದ ಈ ಗಾಳಿಯಿಲ್ಲದಿದ್ದರೆ ಐಸ್‌ಕ್ರೀಮ್ ಕಲ್ಲಿನಂತಾಗುತ್ತಿತ್ತು.

ಐಸ್‌ಕ್ರೀಮಿನಲ್ಲಿರುವ ನೀರೆಲ್ಲವೂ ಎಂದಿಗೂ ಹೆಪ್ಪುಗಟ್ಟುವುದಿಲ್ಲವೆಂಬುದು ಇನ್ನೊಂದು ಸ್ವಾರಸ್ಯ. ಸುಮಾರು ೬೩೦ ಗ್ರಾಂ ನೀರಿರುವ ಮಿಶ್ರಣಕ್ಕೆ ೧೫೦ ಗ್ರಾಂ ಸಕ್ಕರೆ ಹಾಕಿದ್ದೇವೆಂದು ಭಾವಿಸೋಣ. ಸಕ್ಕರೆ ಒಂದರಿಂದಲೇ ಹೆಪ್ಪುಗಟ್ಟುವ ಬಿಂದು ಸುಮಾರು ೧.೩ ಡಿಗ್ರಿ ಕೆಳಗಿಳಿಯುತ್ತದೆ. ನೀರಿನಲ್ಲಿ ಅರ್ಧ ಮಂಜಾಯಿತೆಂದರೆ, ಅಷ್ಟೂ ಸಕ್ಕರೆ ಉಳಿದರ್ಧ ನೀರಿನಲ್ಲಿ ಕೂಡಿಕೊಂಡು ಗಾಢತೆ ಇಮ್ಮಡಿಯಾಗುತ್ತದೆ, ಇಳಿತವೂ ಇಮ್ಮಡಿಯಾಗುತ್ತದೆ. ಹೀಗೆ ಪ್ರತಿಯೊಂದು ಹನಿ ಮಂಜಾದಂತೆಲ್ಲ ಉಳಿದ ಪಾನಕ ಇನ್ನೂ ಮೊಂಡಾಗುತ್ತ ಹೋಗುತ್ತದೆ. ಕೊನೆಯಲ್ಲಿ ಹರಳುಗಳ ನಡುವೆ ಉಳಿಯುವ ಈ ಪಾನಕದಿಂದಲೇ ಐಸ್‌ಕ್ರೀಮನ್ನು ಚಮಚದಿಂದ ಕೆರೆದು ತಿನ್ನುವಂತಾಗುವುದು. ಬಕೆಟ್ಟಿನಲ್ಲಿ ಉಪ್ಪು ಮಾಡುವ ಕೆಲಸವನ್ನೇ ಡಬ್ಬಿಯಲ್ಲಿ ಸಕ್ಕರೆಯೂ ಮಾಡುತ್ತಿದೆ. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಎಂಬ ಹಗುರವಾದ ಅಣುಗಳೂ ಇರುವುದರಿಂದ ಅದೇ ತೂಕಕ್ಕೆ ಕಣಗಳ ಸಂಖ್ಯೆ ಹೆಚ್ಚು. ಆದುದರಿಂದ ಬೆಲ್ಲದ ಐಸ್‌ಕ್ರೀಮ್ ಇನ್ನಷ್ಟು ಮೆತ್ತಗಿರುತ್ತದೆ.

ತೆಂಗಿನ ಹಾಲಿನ ವಿಶೇಷ

ತಿಪಟೂರಿನ ಮಾರುಕಟ್ಟೆ ಹೆಸರಾಗಿರುವುದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇಟ್ಟರೆ ಒಳಗಿನ ನೀರು ಬತ್ತಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಗುಡುಗುಡು ಉರುಳುತ್ತದೆ. ಹಸಿಯ ತಿರುಳಿನಲ್ಲಿ ನೂರಕ್ಕೆ ಸುಮಾರು ೪೭ ಪಾಲು ನೀರು, ೩೩ ಪಾಲು ಕೊಬ್ಬು. ಒಣಗಿದ ಕೊಬ್ಬರಿಯಲ್ಲಿ ನೀರು ಸುಮಾರು ೬ ಪಾಲಿಗೆ ಇಳಿದಿರುತ್ತದೆ. ಕಾಯಿ ಕೆಡದಂತೆ ನೀರನ್ನು ಹೊರಗೆ ಕಳುಹಿಸುವುದು ಅಟ್ಟದ ವಿದ್ಯೆ. ನೀರನ್ನು ಒಳಗೇ ಉಳಿಸಿಕೊಂಡು ಹರಳಾಗಿಸುವುದು ಐಸ್‌ಕ್ರೀಮಿನ ವಿದ್ಯೆ. ಆದುದರಿಂದ ಇದಕ್ಕೆ ಬೇಕಾದುದು ಕೊಬ್ಬರಿಯಲ್ಲ, ಹಸಿಯ ಬಲಿತ ಕಾಯಿ. ಎಳನೀರಿನ ಗಂಜಿಯಲ್ಲಿ ಕೊಬ್ಬು ಬಹಳ ಕಡಿಮೆ. ಮೂಲ್ಕಿಯ ಕಡೆಯಿಂದ ಹೋದ ರಘುನಂದನ ಕಾಮತರು ೧೯೮೪ರಲ್ಲಿ ಮುಂಬಯಿಯ ಜುಹುವಿನಲ್ಲಿ ತೆರೆದ ಅಂಗಡಿಯಿಂದ ಪ್ರಸಿದ್ಧಿಗೆ ಬಂದ ಎಳನೀರಿನ ಐಸ್‌ಕ್ರೀಮಿನಂತಹುದನ್ನು ಮಾಡುವುದಾದರೆ ಕೊಬ್ಬನ್ನು ಹಸುವಿನ ಹಾಲು ಕೆನೆಗಳಿಂದಲೇ ಒದಗಿಸಬೇಕು.

ಹಸುವಿನ ಬೆಣ್ಣೆಯ ಕೊಬ್ಬು ಉಷ್ಣತೆ ಏರಿದಂತೆ ಸ್ವಲ್ಪಸ್ವಲ್ಪವಾಗಿ ಮೆತ್ತಗಾಗುತ್ತ ೩೭ ಡಿಗ್ರಿಯ ಸುಮಾರಿಗೆ ಪೂರ್ತಿ ಕರಗುತ್ತದೆ. ತೆಂಗಿನ ಕೊಬ್ಬಾದರೋ ೨೪ ಡಿಗ್ರಿಯ ಆಸುಪಾಸಿನಲ್ಲಿ ಬೇಗ ಕರಗಿಬಿಡುತ್ತದೆ. ತೆಂಗಿನ ಹಾಲಿನ ಐಸ್‌ಕ್ರೀಮ್ ಬಾಯಲ್ಲಿಟ್ಟೊಡನೆ ಜಿಡ್ಡು ಉಳಿಯದಂತೆ ಕರಗಲು ಇದು ಒಂದು ಕಾರಣ. ಆದರೆ ಇದೇ ಗುಣ ತೊಂದರೆಯನ್ನೂ ತರುತ್ತದೆ. ತೆಂಗಿನ ಹಾಲನ್ನು ತಂಪಿನಲ್ಲಿ ಸುಮ್ಮನೆ ಇಟ್ಟರೆ ಕೊಬ್ಬು ಮೇಲೆ ತೇಲಿ ಗಟ್ಟಿಯಾಗಿ ಪದರಗಟ್ಟುತ್ತದೆ. ಅಂತಹುದನ್ನು ಹಾಗೆಯೇ ತಿರುಗಿಸಿದರೆ ಕಡೆಗೋಲಿಗೆ ಬೆಣ್ಣೆ ಬರುವಂತೆ ಕೊಬ್ಬು ಕಾಳುಕಾಳಾಗುತ್ತದೆ. ಹಸುವಿನ ಹಾಲಿನ ಪ್ರೋಟೀನು ಕೊಬ್ಬಿನ ಹನಿಗಳನ್ನು ಹೊದ್ದು ಅವು ಒಂದಕ್ಕೊಂದು ಅಂಟದಂತೆ ತಡೆಯುವುದರಿಂದ ಎರಡು ಹಾಲುಗಳನ್ನೂ ಸಮಸಮವಾಗಿ ಬೆರೆಸುವುದು ಒಳ್ಳೆಯದು.

ಮಾಡುವ ಕ್ರಮ

ಸುಮಾರು ಒಂದು ಲೀಟರ್ ಮಿಶ್ರಣಕ್ಕೆ ೪೦೦ ಗ್ರಾಂ ಗಟ್ಟಿ ತೆಂಗಿನ ಹಾಲು, ೪೦೦ ಗ್ರಾಂ ಹಸುವಿನ ಹಾಲು, ೧೫೦ ಗ್ರಾಂ ಸಕ್ಕರೆ ಸಾಕು. ಹಸುವಿನ ಹಾಲಿಗೆ ಒಂದು ಚಮಚ ಆರಾರೂಟು ಹಿಟ್ಟನ್ನು ಕದಡಿ, ಸಕ್ಕರೆಯೊಡನೆ ಚೆನ್ನಾಗಿ ಕುದಿಸಬೇಕು. ಹಿಟ್ಟು ನೀರನ್ನು ಹಿಡಿದುಕೊಂಡು ಹರಳುಗಳು ಬೆಳೆಯುವುದನ್ನು ತಡೆಯುತ್ತದೆ. ಕುದಿತದಿಂದ ರೋಗಾಣುಗಳು ಸಾಯುತ್ತವೆ. ಹೆಪ್ಪುಗಟ್ಟಿಸಿದರೆ ರೋಗಾಣುಗಳು ಸಾಯುತ್ತವೆಂಬುದು ತಪ್ಪು. ಅವುಗಳಲ್ಲಿ ಅನೇಕವು ಚಳಿಯಲ್ಲಿ ಸುಮ್ಮನಿದ್ದು ಮತ್ತೆ ಎಚ್ಚರಗೊಳ್ಳುತ್ತವೆ. ಒಲೆಯಿಂದ ಇಳಿಸುವ ಮುನ್ನ ತೆಂಗಿನ ಹಾಲನ್ನು ಸೇರಿಸಿ, ಕೈಬಿಡದೆ ಕಲಕುತ್ತ ಬಿಸಿ ಹಬೆಯಾಡುವವರೆಗೆ ಮಾತ್ರ ಕಾಯಿಸಬೇಕು. ಕುದಿಯಗೊಟ್ಟರೆ ಅದು ಒಡೆಯುತ್ತದೆ. ಬೆಲ್ಲವನ್ನು ಬಳಸುವವರು ಅದನ್ನು ಪ್ರತ್ಯೇಕವಾಗಿ ಕರಗಿಸಿ, ಸೋಸಿ, ಎಲ್ಲವೂ ಆರಿದ ಮೇಲೆ ಬೆರೆಸಬೇಕು. ಬಿಸಿಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುವುದನ್ನು ಗೃಹಿಣಿಯರು ಬಲ್ಲರು.

ಮಿಶ್ರಣವನ್ನು ಯಂತ್ರಕ್ಕೆ ಹೊಯ್ಯುವ ಮೊದಲು ತಣ್ಣೀರಿನಲ್ಲಿಯೋ ಫ್ರಿಜ್ಜಿನಲ್ಲಿಯೋ ಇಟ್ಟು ಚೆನ್ನಾಗಿ ತಣಿಸಿ, ಒಮ್ಮೆ ಕಡೆದು ಕೊಬ್ಬನ್ನು ಸಮನಾಗಿ ಹರಡಬೇಕು. ಶಾಖದ ಲೆಕ್ಕ ಹಾಕಿದರೆ ಇದರ ಲಾಭ ತಿಳಿಯುತ್ತದೆ. ನಮ್ಮ ೯೫೦ ಗ್ರಾಂ ಮಿಶ್ರಣವನ್ನು ೨೫ರಿಂದ ೫ ಡಿಗ್ರಿಗೆ ಇಳಿಸಲು ಸುಮಾರು ೧೫,೦೦೦ ಕ್ಯಾಲೊರಿ ತೆಗೆಯಬೇಕು. ಅಲ್ಲಿಂದ ಸೊನ್ನೆಗಿಂತ ೫ ಡಿಗ್ರಿ ಕೆಳಕ್ಕೆ ಇಳಿಸಲು ೭,೬೦೦. ಅದರಲ್ಲಿನ ೩೦೦ ಗ್ರಾಂ ನೀರನ್ನು ಮಂಜಾಗಿಸಲು ೨೪,೦೦೦. ಒಟ್ಟು ಸುಮಾರು ೪೭,೦೦೦ ಕ್ಯಾಲೊರಿ. ಇಷ್ಟನ್ನು ಹೀರಲು ಲೆಕ್ಕದ ಮಟ್ಟಿಗೆ ೬೦೦ ಗ್ರಾಂ ಮಂಜು ಕರಗಿದರೆ ಸಾಕು. ಆದರೆ ಬಕೆಟ್ಟಿನ ಮೂಲಕ ನುಗ್ಗುವ ಶಾಖವನ್ನೂ ಹೀರಬೇಕಾಗುವುದರಿಂದ, ಡಬ್ಬಿಯ ಸುತ್ತ ತುಂಬಿ ನಿಲ್ಲಬೇಕಾದುದರಿಂದ, ಕೊನೆಯವರೆಗೆ ಸ್ವಲ್ಪ ಮಂಜು ಉಳಿದಿರಬೇಕಾದುದರಿಂದ ಸುಮಾರು ೩ ಕಿಲೋಗ್ರಾಂ ಮಂಜನ್ನು ಇಟ್ಟುಕೊಳ್ಳಬೇಕು. ಮೊದಲೇ ತಣಿಸಿದರೆ ಆ ಕೆಲಸದಲ್ಲಿ ಮೂರರಲ್ಲೊಂದು ಪಾಲು ಉಚಿತವಾಗಿ ಮುಗಿದಂತೆ.

ಗೋಣಿಯಲ್ಲಿ ಸುತ್ತಿ ಜಜ್ಜಿದ ಮಂಜಿನ ಆರು ಪಾಲಿಗೆ ಒಂದು ಪಾಲು ಕಲ್ಲುಪ್ಪನ್ನು ಪದರ ಪದರವಾಗಿ ತುಂಬಬೇಕು. ಪುಡಿಯುಪ್ಪು ಬೇಗ ಕರಗಿ ತಳ ಸೇರುತ್ತದೆ. ಹರಳುಪ್ಪು ನಿಧಾನವಾಗಿ ಕರಗಿ ಶೈತ್ಯವನ್ನು ಕಾಪಾಡುತ್ತದೆ. ಮೊದಲು ಮೆಲ್ಲಗೆ, ಬರಬರುತ್ತ ಬೇಗನೆ, ಇಪ್ಪತ್ತರಿಂದ ಮೂವತ್ತು ನಿಮಿಷ ತಿರುಗಿಸಿದರೆ ಹಿಡಿಕೆ ಭಾರವಾಗುತ್ತದೆ. ಬಕೆಟ್ಟಿನಲ್ಲಿ ಕೂಡುವ ಉಪ್ಪುನೀರನ್ನು ಈ ನಡುವೆ ಚೆಲ್ಲಕೂಡದು. ಮಂಜಿನ ತುಂಡುಗಳು ಡಬ್ಬಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ. ಸೊನ್ನೆಯ ಕೆಳಗಿನ ಉಪ್ಪುನೀರಾದರೋ ಡಬ್ಬಿಯ ಇಡೀ ಮೈಯನ್ನು ಅಪ್ಪಿಕೊಂಡು ಶಾಖವನ್ನು ಮಂಜಿಗೆ ಸಾಗಿಸುತ್ತದೆ. ಅದನ್ನು ಕರಗಿಹೋದ ವ್ಯರ್ಥ ನೀರೆಂದು ಚೆಲ್ಲುವವರು ತಮ್ಮ ಕೆಲಸಗಾರನನ್ನೇ ಹೊರಗೆ ಕಳುಹಿಸಿದಂತೆ. ಬಕೆಟ್ಟಿನ ಮೇಲ್ಭಾಗದಲ್ಲಿರುವ ರಂಧ್ರವು ಉಪ್ಪುನೀರು ಮುಚ್ಚಳದವರೆಗೆ ಏರದಂತೆ ಹೆಚ್ಚಿನದನ್ನಷ್ಟೇ ಹರಿಯಬಿಡುತ್ತದೆ. ಮುಚ್ಚಳವನ್ನು ತೆರೆಯುವ ಮುನ್ನ ಅದನ್ನು ಒರೆಸಬೇಕು. ಪೇಟೆಯ ಮಂಜುಗಡ್ಡೆ ಕುಡಿಯುವ ನೀರಿನದೇ ಆಗಿರಬೇಕೆಂದಿಲ್ಲ. ಅಲಗನ್ನು ತೆಗೆದು, ಮುಚ್ಚಿ, ಹೊಸ ಮಂಜನ್ನೂ ಹೆಚ್ಚು ಉಪ್ಪನ್ನೂ ತುಂಬಿ, ಗೋಣಿ ಹೊದಿಸಿ ಒಂದೆರಡು ಗಂಟೆ ಬಿಟ್ಟರೆ ಐಸ್‌ಕ್ರೀಮ್ ಗಟ್ಟಿಯಾಗುತ್ತದೆ.

ಹೊಸ ಯಂತ್ರಗಳು

ಇಂದು ಅಂಗಡಿಗಳಲ್ಲಿ ದೊರೆಯುವ ಒಂದು ಬಗೆಯ ಯಂತ್ರದಲ್ಲಿ ಉಪ್ಪೂ ಇಲ್ಲ, ಮಂಜೂ ಕಾಣುವುದಿಲ್ಲ. ಎರಡು ಗೋಡೆಗಳ ಬಟ್ಟಲನ್ನು ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟು, ಮರುದಿನ ಮಿಶ್ರಣವನ್ನು ಹೊಯ್ದು, ವಿದ್ಯುತ್ ಮೋಟಾರಿನಿಂದ ಕಲಕುತ್ತಾರೆ. ಗೋಡೆಗಳ ನಡುವೆ, ಸೊನ್ನೆಯ ಕೆಳಗೆ ಹೆಪ್ಪುಗಟ್ಟುವ ಒಂದು ದ್ರಾವಣವನ್ನು ಮುಚ್ಚಿಟ್ಟಿರುತ್ತಾರೆ. ಅದು ಕರಗುತ್ತ ಹಾಲಿನ ಶಾಖವನ್ನು ಹೀರುತ್ತದೆ. ಮರದ ಬಕೆಟ್ಟಿನ ಭೌತಶಾಸ್ತ್ರವೇ ಇಲ್ಲಿ ಗೋಡೆಯೊಳಗೆ ಅಡಗಿದೆ. ಬೆಲೆಬಾಳುವ ಇನ್ನೊಂದು ಬಗೆಯಲ್ಲಿ ಫ್ರಿಜ್ಜಿನಲ್ಲಿರುವಂತಹ ಕಂಪ್ರೆಸರು ಇರುತ್ತದೆ. ಅಲ್ಲಿಯೂ ಒಂದು ದ್ರವವು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರುವುದರಿಂದಲೇ ಹಾಲು ತಣಿಯುವುದು. ಯಾವ ಯಂತ್ರವೂ ತಂಪನ್ನು ತಯಾರಿಸಿ ಹಾಲಿಗೆ ತುಂಬುವುದಿಲ್ಲ. ಎಲ್ಲವೂ ಹಾಲಿನ ಶಾಖವನ್ನು ಹೊರಗೆ ಸಾಗಿಸುತ್ತವೆ.

ಕೆಲಸ ಮುಗಿದ ಮೇಲೆ ಉಳಿದ ಉಪ್ಪುನೀರನ್ನು ಹೂಗಿಡ, ತರಕಾರಿಗಳ ಬುಡಕ್ಕೆ ಸುರಿಯಬಾರದು, ಗಿಡಗಳು ಬಾಡುತ್ತವೆ. ಅಗಲವಾದ ತಟ್ಟೆಯಲ್ಲಿ ಹೊಯ್ದು ಬಿಸಿಲಿಗಿಟ್ಟರೆ ನೀರು ಆವಿಯಾಗಿ ಉಪ್ಪು ತಳದಲ್ಲಿ ಹರಳಾಗಿ ಉಳಿಯುತ್ತದೆ. ಕರಗಿದ ಉಪ್ಪು ಎಲ್ಲಿಯೂ ಹೋಗಲಿಲ್ಲ, ಅದು ಯಾವ ತಂಪನ್ನೂ ಖರ್ಚು ಮಾಡಲಿಲ್ಲವೆಂಬುದನ್ನು ಆ ಹರಳುಗಳು ಕಣ್ಣಿಗೆ ಕಾಣುವಂತೆ ತೋರಿಸುತ್ತವೆ. ಅಡುಗೆಗೆ ಅದು ಯೋಗ್ಯವಲ್ಲ. ಮುಂದಿನ ಸಲದ ಐಸ್‌ಕ್ರೀಮಿಗೆ ಧಾರಾಳವಾಗಿ ಬಳಸ���ಹುದು.